ಲೋಕದಲ್ಲೇ ಇದ್ದು ಕರ್ತನವರಾಗಿ ಬಾಳುವುದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದ ಸುತ್ತ ಇದ್ದವು. ಕ್ರೈಸ್ತರು ಲೋಕದಿಂದ ಬೇರೆಯಾಗಿ, ಪರಿಶುದ್ಧವಾಗಿ ಬದುಕಬೇಕು ಅನ್ನುತ್ತೇವೆ. ಅದು ಎಲ್ಲಿ ಶುರುವಾಗುತ್ತದೆ, ಎಲ್ಲಿ ಅತಿಯಾಗುತ್ತದೆ ಅನ್ನುವುದೇ ಎಲ್ಲರ ಗೊಂದಲ. ಹಾಗಾಗಿ ಮಿಕ್ಕ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ನಮ್ಮದು ಮೊದಲಿನಿಂದಲೂ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕುಟುಂಬ. ಈಚೆಗೆ ನಾನು, ನಮ್ಮ ಯಜಮಾನರು ಒಂದು ಪೆಂಟೆಕೋಸ್ಟ್ ಸಭೆಗೆ ಹೋಗುತ್ತಿದ್ದೇವೆ. ಓಲೆ, ಬಳೆ, ತಾಳಿ ಎಲ್ಲಾ ತೆಗೆದ ಮೇಲೇ ದೀಕ್ಷಾಸ್ನಾನ ಅಂತ ಅಲ್ಲಿ ಹೇಳುತ್ತಾರೆ. ಅತ್ತೆ ದಿನಾ ಅಳುತ್ತಾರೆ. "ನನ್ನ ಮಗ ಬದುಕಿರುವಾಗಲೇ ತಾಳಿ ತೆಗೀತೀಯಾ?" ಅಂತಾರೆ. ತೆಗೆಯದಿದ್ದರೆ ನಾನು ಲೋಕದವಳಾ?
(ಹಾಸನದ ಸೋದರಿ)

ಉತ್ತರ: ಇಲ್ಲ ತಂಗಿ. ಓಲೆ ಹಾಕಿದ್ದಕ್ಕೆ ನೀವು ಲೋಕದವರಾಗುವುದಿಲ್ಲ. ತೆಗೆದ ಮಾತ್ರಕ್ಕೆ ಪರಿಶುದ್ಧರೂ ಆಗುವುದಿಲ್ಲ.

ಅವರು ತೋರಿಸುವ ವಚನಗಳು 1 ಪೇತ್ರ 3 ಮತ್ತು 1 ತಿಮೊಥೆಯ 2ರಲ್ಲಿವೆ, ಅಲ್ವಾ? ಎರಡೂ ಕಡೆ ಚಿನ್ನದ ಮಾತಿದೆ. ಜತೆಗೆ ಜಡೆ ಹೆಣೆಯುವುದರ ಮಾತಿದೆ, ಬಟ್ಟೆಯ ಮಾತೂ ಇದೆ. ಹೊರಗಿನ ಅಲಂಕಾರವೇ ನಿಮ್ಮ ಬೆಲೆ ಆಗಬಾರದು, ಒಳಗಿನ ಶಾಂತ ಮನಸ್ಸು ನಿಮ್ಮ ಒಡವೆಯಾಗಲಿ ಅನ್ನುವುದು ಅಪೊಸ್ತಲರ ಆಸೆ. ಪೇತ್ರ ಅದೇ ಭಾಗದಲ್ಲಿ ಸಾರಳನ್ನು ಮಾದರಿಯಾಗಿ ತೋರಿಸುತ್ತಾನೆ. ಆ ಸಾರಳ ಮನೆಗೆ ಸೊಸೆಯಾಗಿ ಬಂದವಳು ರೆಬೆಕ್ಕ. ಅಬ್ರಹಾಮನ ಸೇವಕ ಅವಳಿಗೆ ಮೂಗುತಿ, ಬಳೆ ತೊಡಿಸಿದ, ಆಮೇಲೆ ತಲೆಬಾಗಿ ದೇವರನ್ನು ಆರಾಧಿಸಿದ. ಆದಿಕಾಂಡ 24ನ್ನು ಓದಿ ನೋಡಿ. ಒಡವೆಯೇ ಪಾಪ ಆಗಿದ್ದರೆ ಆ ಕಥೆ ಹಾಗೆ ನಡೆಯುತ್ತಿರಲಿಲ್ಲ.

ಹಾಗಂತ ಒಡವೆ ಬಿಡುವ ಪದ್ಧತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಚಿನ್ನ ಇಲ್ಲದ ಸಭೆಯಲ್ಲಿ ಕೂಲಿಯವರ ಮಗಳೂ ಸಾಹುಕಾರರ ಮಗಳೂ ಒಂದೇ ಸಾಲಿನಲ್ಲಿ ಸಂಕೋಚ ಇಲ್ಲದೆ ಕೂರುತ್ತಾರೆ. ಅದು ದೊಡ್ಡ ಮಾತು. ನಿಮ್ಮ ಮನಸ್ಸಾಕ್ಷಿ ತೆಗೆ ಅಂದರೆ ತೆಗೆಯಿರಿ. ಆದರೆ ಆ ಚಿನ್ನ ಎಲ್ಲಿಗೆ ಹೋಗುತ್ತದೆ ಅಂತಲೂ ಯೋಚಿಸಿ. ಲಾಕರಿನಲ್ಲಿ ಬೀಗ ಹಾಕಿ ಇಟ್ಟರೆ ಕತ್ತಿನಿಂದ ಇಳಿಯಿತು ಅಷ್ಟೆ, ಮನಸ್ಸಿನಿಂದ ಇಳಿಯಲಿಲ್ಲ.

ತಾಳಿಯ ವಿಷಯದಲ್ಲಿ ನಾನು ಅತ್ತೆಯವರ ಪಕ್ಕ ನಿಲ್ಲುತ್ತೇನೆ. ನಮ್ಮ ಎಷ್ಟೋ ಸಭೆಗಳಲ್ಲಿ ಮದುವೆಯ ಆರಾಧನೆಯಲ್ಲೇ ಪ್ರಾರ್ಥನೆ ಮಾಡಿ ತಾಳಿ ಕಟ್ಟಿಸುತ್ತಾರೆ. ಮಗನ ಆಯುಸ್ಸು ತಾಳಿಯಲ್ಲಿ ಇಲ್ಲ, ದೇವರ ಕೈಯಲ್ಲಿದೆ ಅಂತ ಅವರಿಗೆ ನಿಧಾನವಾಗಿ ಹೇಳಬಹುದು. ಆದರೆ ವಯಸ್ಸಾದ ಜೀವವನ್ನು ಅಳಿಸಿ, ಅದರ ಮೇಲೆ ನಿಂತು ನಾನು ಪರಿಶುದ್ಧಳಾದೆ ಅನ್ನುವುದಕ್ಕೆ ಸತ್ಯವೇದದಲ್ಲಿ ಆಧಾರ ಇಲ್ಲ. ನೀವೂ ಯಜಮಾನರೂ ಒಟ್ಟಿಗೆ ಹೋಗಿ ಪಾಸ್ಟರ್ ಹತ್ತಿರ ಮಾತಾಡಿ. ಇದು ನಿಮ್ಮ ಸಭೆಯ ಶಿಸ್ತೋ, ರಕ್ಷಣೆಗೆ ಹಾಕಿದ ಷರತ್ತೋ ಅಂತ ನೇರವಾಗಿ ಕೇಳಿ. ಶಿಸ್ತು ಅಂದರೆ ಸಮಯ ಕೇಳಿ. ಷರತ್ತು ಅಂದರೆ ಸತ್ಯವೇದದ ಗಲಾತ್ಯ ಪತ್ರಿಕೆ ತೆಗೆದು ಓದಿ. ಅಲ್ಲಿ ಸುನ್ನತಿ ಮಾಡಿಸಿಕೊಂಡರೇ ರಕ್ಷಣೆ ಅಂದವರಿಗೆ ಪೌಲ ಎಷ್ಟು ಕಟುವಾಗಿ ಉತ್ತರ ಕೊಟ್ಟ ಅನ್ನುವುದು ಕಾಣುತ್ತದೆ.

ಒಬ್ಬರನ್ನು ನೆನಪಿಸುತ್ತೇನೆ. ಪಂಡಿತಾ ರಮಾಬಾಯಿ 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಆಮೇಲೂ ಸಸ್ಯಾಹಾರ ಬಿಡಲಿಲ್ಲ, ಸರಳ ಸೀರೆ ಬಿಡಲಿಲ್ಲ. ಸುತ್ತ ಇದ್ದ ಇಂಗ್ಲಿಷರ ರೀತಿಗೆಲ್ಲಾ ಅವರು ತಲೆಯಾಡಿಸಲಿಲ್ಲ. 1896-97ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ, ಹಸಿವಿನಿಂದ ಸಾಯುತ್ತಿದ್ದ ಹೆಣ್ಣುಮಕ್ಕಳನ್ನು ಕರೆತಂದು ಪುಣೆ ಹತ್ತಿರದ ಕೇಡ್ಗಾಂವ್‌ನಲ್ಲಿ ಸಾಕಿದರು. ಬೇರೆಯಾದ ಜೀವಿತ ಅಂದಾಗ ನನಗೆ ಮೊದಲು ನೆನಪಾಗುವುದು ಅವರು.

ಪ್ರಶ್ನೆ: ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಆಯುಧಪೂಜೆ ದಿನ ನಮ್ಮ ಟೀಮಿನಲ್ಲಿ ಕಂಪ್ಯೂಟರ್‌ಗಳಿಗೆಲ್ಲಾ ಪೂಜೆ ಮಾಡಿ, ಕುಂಬಳಕಾಯಿ ಒಡೆದು, ಪುರಿ ಕಡಲೆ ಹಂಚುತ್ತಾರೆ. ನಾನು ರಜೆ ಹಾಕಿ ತಪ್ಪಿಸಿಕೊಳ್ಳುತ್ತೇನೆ. ಟೀಮ್ ಔಟಿಂಗ್‌ಗೂ ಹೋಗುವುದಿಲ್ಲ, ಅಲ್ಲಿ ಕುಡಿಯುತ್ತಾರೆ. ಈಗ ಯಾರೂ ನನ್ನ ಜತೆ ಸರಿಯಾಗಿ ಮಾತಾಡುವುದಿಲ್ಲ. ಇದೇನಾ ನನ್ನ ಶಿಲುಬೆ?
(ಬೆಂಗಳೂರಿನ ಓದುಗಿ)

ಉತ್ತರ: ಅಲ್ಲಮ್ಮ. ಇದರಲ್ಲಿ ಸ್ವಲ್ಪ ಭಾಗ ನಿಮ್ಮ ನಂಬಿಕೆಯ ಬೆಲೆ ಇರಬಹುದು. ಜಾಸ್ತಿ ಭಾಗ ನೀವಾಗಿಯೇ ಕಟ್ಟಿಕೊಂಡ ಗೋಡೆ.

ಕೊರಿಂಥದ ವಿಶ್ವಾಸಿಗಳೂ ಇದನ್ನೇ ಕೇಳಿದ್ದರು. ಪೌಲ ಅವರಿಗೆ ಎರಡು ವಿಷಯವನ್ನು ಬೇರೆ ಬೇರೆ ಮಾಡಿ ಹೇಳಿದ. ಪೂಜೆಯಲ್ಲಿ ಪಾಲು ತೆಗೆದುಕೊಳ್ಳಬೇಡಿ, ಕರ್ತನ ಮೇಜಿನಲ್ಲಿ ಕೂತವರಿಗೆ ಇನ್ನೊಂದು ಆರಾಧನೆ ಇಲ್ಲ. ಆದರೆ ಅನ್ಯರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ವಿಚಾರಿಸದೆ ತಿನ್ನಿ. ಇದು ನೈವೇದ್ಯ ಮಾಡಿದ್ದು ಅಂತ ಯಾರಾದರೂ ಹೇಳಿದರೆ ಮಾತ್ರ, ಹೇಳಿದವರ ಮನಸ್ಸಾಕ್ಷಿಗೋಸ್ಕರ ಬಿಡಿ. 1 ಕೊರಿಂಥ 10ರಲ್ಲಿ ಇಷ್ಟೂ ಇದೆ. ಹಾಗಾಗಿ ಆರತಿ ಎತ್ತಬೇಡಿ, ಕುಂಕುಮ ಹಚ್ಚಿಸಿಕೊಳ್ಳಬೇಡಿ. ಅದನ್ನು ಹಿಂದಿನ ದಿನವೇ ಟೀಮ್ ಲೀಡ್‌ಗೆ ನಗುನಗುತ್ತಾ ಹೇಳಿಬಿಡಿ. ಮರುದಿನ ಬೇಗ ಹೋಗಿ ಎಲ್ಲರ ಜತೆ ಟೇಬಲ್ ಒರೆಸಿ, ಕಸ ಗುಡಿಸಿ. ಪೂಜೆಯ ಹೊತ್ತಿನಲ್ಲಿ ಹಿಂದೆ ಗೌರವದಿಂದ ನಿಂತುಕೊಳ್ಳಿ. ಪ್ರಸಾದ ಕೊಟ್ಟರೆ "ನಮ್ಮಲ್ಲಿ ತಗೊಳ್ಳಲ್ಲ, ಬೇಜಾರು ಮಾಡ್ಕೋಬೇಡಿ" ಅಂದರೆ ಸಾಕು. ನಮ್ಮ ಊರಿನವರಿಗೆ ಈ ಮಾತು ಅರ್ಥವಾಗುತ್ತದೆ. ಅವರೂ ವ್ರತ, ಉಪವಾಸ, ಮಡಿ ಅಂತ ಎಷ್ಟೋ ಬಿಡುವವರೇ. ಅವರಿಗೆ ನೋವಾಗುವುದು ಬೇಡ ಅಂದಿದ್ದಕ್ಕಲ್ಲ, ಮುಖ ತಿರುಗಿಸಿದ್ದಕ್ಕೆ.

ಬಾಬೆಲಿಗೆ ಸೆರೆಯಾಗಿ ಹೋದ ದಾನಿಯೇಲನನ್ನು ನೋಡಿ. ಬಾಬೆಲಿನವರು ಇಟ್ಟ ಬೇಲ್ತೆಶಚ್ಚರ ಅನ್ನುವ ಹೆಸರನ್ನು ಒಪ್ಪಿಕೊಂಡ. ಅವರ ಭಾಷೆ, ವಿದ್ಯೆ ಎಲ್ಲಾ ಕಲಿತ. ಅರಸನ ಕೆಲಸಕ್ಕೂ ಸೇರಿದ. ಅರಸನ ಊಟ ಮಾತ್ರ ಬೇಡ ಅಂದ. ಅದನ್ನೂ ಜಗಳ ಮಾಡಿ ಹೇಳಲಿಲ್ಲ, ಮೇಲ್ವಿಚಾರಕನ ಕಷ್ಟವನ್ನು ಅರ್ಥ ಮಾಡಿಕೊಂಡು, 10 ದಿನ ಕಾಯಿಪಲ್ಯ, ನೀರು ಕೊಟ್ಟು ಪರೀಕ್ಷೆ ಮಾಡಿ ನೋಡಿ ಅಂತ ವಿನಯದಿಂದ ಕೇಳಿಕೊಂಡ. ಯಾವುದಕ್ಕೆ ಹೂಂ, ಯಾವುದಕ್ಕೆ ಉಹೂಂ ಅನ್ನುವುದು ಅವನಿಗೆ ಮುಂಚೆಯೇ ಗೊತ್ತಿತ್ತು. ಔಟಿಂಗ್‌ಗೆ ಹೋಗಿ, ಜ್ಯೂಸ್ ಕುಡಿಯಿರಿ, ಆಟ ಆಡಿ. ಕುಡಿತ ಜಾಸ್ತಿಯಾಗಿ ಮಾತು ಕೆಟ್ಟದಾಗಲು ಶುರುವಾದಾಗ ಎದ್ದು ಬನ್ನಿ. ಬರುವಾಗ ಮನೆಗೆ ಹೋಗಲು ಭಯಪಡುವ ಇನ್ನೊಬ್ಬ ಹುಡುಗಿ ಇದ್ದರೆ ಅವಳನ್ನೂ ಕರೆದುಕೊಂಡು ಬನ್ನಿ.

ಎರಡನೇ ಶತಮಾನದ ಹೊತ್ತಿನ ಒಂದು ಹಳೆಯ ಪತ್ರ ಉಳಿದುಬಂದಿದೆ. ಕ್ರೈಸ್ತರು ಹೇಗಿರುತ್ತಾರೆ ಅಂತ ಅದರಲ್ಲಿ ಬರೆದಿದ್ದಾರೆ. ಅವರಿಗೆ ಬೇರೆ ಊರಿಲ್ಲ, ಬೇರೆ ಭಾಷೆಯಿಲ್ಲ. ಊಟ ಉಡುಪಿನಲ್ಲಿ ತಾವಿರುವ ಊರಿನ ರೂಢಿಯಂತೆಯೇ ಇರುತ್ತಾರೆ. ಆದರೆ ಹುಟ್ಟಿದ ಮಕ್ಕಳನ್ನು ಬೀದಿಗೆ ಎಸೆಯುವುದಿಲ್ಲ. ಆ ಕಾಲದ ರೋಮ್ ಸಾಮ್ರಾಜ್ಯದಲ್ಲಿ ಬೇಡವಾದ ಕೂಸುಗಳನ್ನು ಹೊರಗೆ ಬಿಟ್ಟುಬರುವುದು ಸಾಮಾನ್ಯವಾಗಿತ್ತು. ಆ ಜನ ಲೋಕದಿಂದ ಬೇರೆಯಾಗಿ ಕಂಡಿದ್ದು ಅಂಥ ಕಡೆ.

ಪ್ರಶ್ನೆ: ಸಿನಿಮಾ ಹಾಡು ಕೇಳಿದರೆ ಪಾಪವೇ?
(ಕೋಲಾರದ ವಿದ್ಯಾರ್ಥಿ)

ಉತ್ತರ: ಎಲ್ಲಾ ಹಾಡೂ ಅಲ್ಲ ತಮ್ಮಾ. ಅಥೇನೆಯಲ್ಲಿ ಸುವಾರ್ತೆ ಹೇಳುವಾಗ ಪೌಲ ಗ್ರೀಕ್ ಕವಿಗಳ ಸಾಲನ್ನೇ ಎತ್ತಿ ಹೇಳಿದ. ಆ ಸಾಲು ಅವನಿಗೆ ಬಾಯಿಪಾಠ ಇತ್ತು ಅಂದರೆ ಎಲ್ಲೋ ಕೇಳಿರಬೇಕು, ಓದಿರಬೇಕು. ಹಾಡು ಮುಗಿದ ಮೇಲೆ ನಿನ್ನ ಮನಸ್ಸು ಎಲ್ಲಿಗೆ ಹೋಗುತ್ತದೆ ಅಂತ ನೋಡಿಕೋ. ಹೆಣ್ಣನ್ನು ಸಾಮಾನಿನ ಹಾಗೆ ತೋರಿಸುವ ಹಾಡನ್ನು ಬಿಟ್ಟುಬಿಡು. ಫಿಲಿಪ್ಪಿ 4:8 ಓದು.

ಪ್ರಶ್ನೆ: ನಾನು ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದೇನೆ. ಸಭೆಯಲ್ಲಿ ಹಿರಿಯನಾಗಿದ್ದೇನೆ. ಕುಡಿಯುವುದಿಲ್ಲ, ಬೀಡಿ ಸಿಗರೇಟು ಇಲ್ಲ, ಮನೆಯಲ್ಲಿ ಟಿವಿ ಇಲ್ಲ. ಆದರೆ ವ್ಯಾಪಾರದಲ್ಲಿ ಅರ್ಧ ಮಾಲು ಬಿಲ್ ಇಲ್ಲದೆ ಹೋಗುತ್ತದೆ, ಎಲ್ಲರೂ ಮಾಡುವುದೇ. ಲೈಸೆನ್ಸ್‌ಗೆ ಅಂತ ಕೈ ಬಿಸಿ ಮಾಡಬೇಕಾಗುತ್ತದೆ. ನನ್ನ ಮಗ "ಅಪ್ಪಾ, ಇದು ಲೋಕದ ರೀತಿ ಅಲ್ವಾ?" ಅಂತ ಕೇಳಿದ. ರಾತ್ರಿ ನಿದ್ದೆ ಬರಲಿಲ್ಲ.
(ದಾವಣಗೆರೆಯ ಸಹೋದರ)

ಉತ್ತರ: ಅಣ್ಣಾ, ನಿದ್ದೆ ಬರದೇ ಇದ್ದದ್ದು ದೇವರ ಕೃಪೆ. ಮಗನನ್ನು ಕೂರಿಸಿಕೊಂಡು, ನೀನು ಕೇಳಿದ್ದು ಸರಿ ಅಂತ ಮೊದಲು ಹೇಳಿ.

ನಾವು ಪರಿಶುದ್ಧತೆ ಅಂದರೆ ಕುಡಿತ, ಸಿಗರೇಟು, ಸಿನಿಮಾ, ಒಡವೆ ಅಂತ ಒಂದು ಪಟ್ಟಿ ಮಾಡಿಕೊಂಡಿದ್ದೇವೆ. ದೇವರು ಮಾಡಿದ ಪಟ್ಟಿ ಯಾಜಕಕಾಂಡ 19ರಲ್ಲಿದೆ. "ನಾನು ಪರಿಶುದ್ಧನಾಗಿರುವಂತೆ ನೀವೂ ಪರಿಶುದ್ಧರಾಗಿರಿ" ಅನ್ನುವ ಮಾತಿನಿಂದ ಆ ಅಧ್ಯಾಯ ಶುರುವಾಗುತ್ತದೆ. ಮುಂದೆ ಏನು ಬರುತ್ತದೆ ನೋಡಿ. ಹೊಲದ ಅಂಚಿನ ತೆನೆಯನ್ನು ಬಡವರಿಗೆ ಬಿಡು. ಕದಿಯಬೇಡ, ಸುಳ್ಳು ಹೇಳಬೇಡ. ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನ ತನಕ ಇಟ್ಟುಕೊಳ್ಳಬೇಡ. ಕಿವುಡನನ್ನು ಬೈಯಬೇಡ, ಕುರುಡನ ದಾರಿಯಲ್ಲಿ ಕಲ್ಲಿಡಬೇಡ. ಚಾಡಿ ಹೇಳುತ್ತಾ ತಿರುಗಬೇಡ. ತಕ್ಕಡಿ, ಅಳತೆ, ತೂಕದ ಕಲ್ಲು ಸರಿಯಾಗಿರಲಿ. ಇದರಲ್ಲಿ ಜಾಸ್ತಿ ಭಾಗ ಅಂಗಡಿಯಲ್ಲಿ, ಹೊಲದಲ್ಲಿ, ಕೂಲಿಯವರ ಹತ್ತಿರ ನಡೆಯುವ ವಿಷಯ. ನಮ್ಮ ಕೈಕೆಳಗೆ ಇರುವವರನ್ನು, ನಮಗೆ ತಿರುಗಿ ಮಾತಾಡಲಾಗದವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಅನ್ನುವುದನ್ನು ದೇವರು ಪರಿಶುದ್ಧತೆಯ ಒಳಗೇ ಇಟ್ಟಿದ್ದಾನೆ. ಇದನ್ನು ಬಿಟ್ಟು ಪರಿಶುದ್ಧತೆಯ ಮಾತಾಡುವ ಪ್ರಸಂಗಗಳು ನನಗೆ ತುಂಬಾ ನೋವು ಕೊಡುತ್ತವೆ.

ಜಾನ್ ವೆಸ್ಲಿ 1743ರಲ್ಲಿ ತನ್ನ ಮೆಥಡಿಸ್ಟ್ ಕೂಟಗಳಿಗೆ ಕೆಲವು ನಿಯಮ ಬರೆದುಕೊಟ್ಟ. ಚಿನ್ನ, ದುಬಾರಿ ಬಟ್ಟೆ ಹಾಕಬೇಡಿ ಅನ್ನುವುದು ಅದರಲ್ಲಿದೆ. ಅದೇ ಪಟ್ಟಿಯಲ್ಲಿ, ಸುಂಕ ಕಟ್ಟದ ಮಾಲನ್ನು ಕೊಳ್ಳಬೇಡಿ, ಮಾರಬೇಡಿ ಅಂತಲೂ ಇದೆ. ತೀರಿಸಲಾಗದ ಸಾಲ ಮಾಡಬೇಡಿ, ಅನ್ಯಾಯದ ಬಡ್ಡಿ ತೆಗೆದುಕೊಳ್ಳಬೇಡಿ ಅಂತಲೂ ಇದೆ. ಚಿನ್ನದ ನಿಯಮವನ್ನು ಎಷ್ಟೋ ಸಭೆಗಳು ಇವತ್ತಿಗೂ ಬಿಗಿಯಾಗಿ ಹಿಡಿದುಕೊಂಡಿವೆ. ಸುಂಕದ ನಿಯಮದ ಬಗ್ಗೆ ನೀವು ಎಷ್ಟು ಪ್ರಸಂಗ ಕೇಳಿದ್ದೀರಿ, ಹೇಳಿ.

ಈಗ ಏನು ಮಾಡಬೇಕು? ಒಬ್ಬ ಒಳ್ಳೆಯ ಲೆಕ್ಕಪರಿಶೋಧಕರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಇನ್ನು ಮುಂದೆ ಹೋಗುವ ಪ್ರತಿ ಮಾಲಿಗೂ ಬಿಲ್ ಹಾಕಿ. ಹಿಂದಿನ ಜಿಎಸ್‌ಟಿ ಬಾಕಿಯನ್ನು ಬಡ್ಡಿ ಸಮೇತ ಕಟ್ಟಲು ಏನು ದಾರಿ ಇದೆ ಅಂತ ಕೇಳಿ. ಕೆಲವು ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಾರೆ, ಲಾಭ ಇಳಿಯುತ್ತದೆ. ಸುಳ್ಳು ಸಮಾಧಾನ ನಾನು ಹೇಳುವುದಿಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಯೇಸುಸ್ವಾಮಿಯನ್ನು ಮನೆಗೆ ಸೇರಿಸಿಕೊಂಡಾಗ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಮೋಸ ಮಾಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ. ಈ ಮನೆಗೆ ಇವತ್ತು ರಕ್ಷಣೆಯಾಯಿತು ಅಂತ ಯೇಸು ಹೇಳಿದ್ದು ಆ ಮಾತು ಕೇಳಿದ ಮೇಲೆ.

ಲಂಚದ ಬಗ್ಗೆ ಎರಡು ವಿಷಯ ತಿಳಿದಿರಲಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು. ಇನ್ನೊಂದು, ನಮ್ಮ ರಾಜ್ಯದಲ್ಲಿ 2011ರ ಸಕಾಲ ಕಾಯ್ದೆ ಇದೆ. ಎಷ್ಟೋ ಸರ್ಕಾರಿ ಸೇವೆಗಳಿಗೆ ಇಷ್ಟು ದಿನ ಅಂತ ಗಡುವು ಇದೆ, ತಡವಾದರೆ ಮೇಲ್ಮನವಿ ಹಾಕಬಹುದು. ಅರ್ಜಿ ಹಾಕಿದಾಗ ಸಕಾಲ ಸಂಖ್ಯೆ ಕೇಳಿ ಪಡೆಯಿರಿ. ಲೈಸೆನ್ಸ್ ಅವಧಿ ಮುಗಿಯುವುದಕ್ಕೆ ಮುಂಚೆಯೇ ಅರ್ಜಿ ಹಾಕುವ ಅಭ್ಯಾಸ ಮಾಡಿಕೊಂಡರೆ ಅರ್ಧ ಒತ್ತಡ ಕಡಿಮೆಯಾಗುತ್ತದೆ. ಆದರೂ ಕೆಲಸ ನಿಧಾನ ಆಗಬಹುದು. ಆ ನಿಧಾನವನ್ನು ಸಹಿಸುವುದು ಕೂಡ ಲೋಕದಿಂದ ಬೇರೆಯಾಗಿ ಬದುಕುವುದರ ಒಂದು ಭಾಗ.

ನಿಮ್ಮ ಸಭೆಯವರಿಗೂ ಒಂದು ಮಾತು ಹೇಳಬೇಕು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ ಮಂದಿ. ಅವರು ಶೇಂದಿ ತೆಗೆಯುವ ಕಸುಬು ಬಿಡಬೇಕಾಯಿತು. ಮನೆಯವರು ದೂರ ಮಾಡಿದರು, ಹೊಟ್ಟೆಪಾಡು ಹೋಯಿತು. ಮಿಷನ್‌ನವರು ಕಸುಬು ಬಿಡಿ ಅಂತ ಹೇಳಿ ಸುಮ್ನೆ ಕೂರಲಿಲ್ಲ. ನೇಯ್ಗೆ ಶುರು ಮಾಡಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು, ಕೆಲಸ ಕೊಟ್ಟರು. ಒಬ್ಬ ಅಂಗಡಿಯವನು ಸರಿದಾರಿಗೆ ಬಂದು ನಷ್ಟ ಮಾಡಿಕೊಂಡರೆ ಸಭೆಯವರು ಅವನ ಅಂಗಡಿಯಲ್ಲೇ ಬಿಲ್ ಸಮೇತ ಸಿಮೆಂಟು, ಕಬ್ಬಿಣ ಕೊಳ್ಳಬೇಕು. ಎರಡು ರೂಪಾಯಿ ಜಾಸ್ತಿಯಾದರೂ ಸರಿ.

ಇನ್ನೊಂದು. ಲೆಕ್ಕ ಸರಿಯಾಗುವ ತನಕ ಹಿರಿಯರ ಸ್ಥಾನದಿಂದ ಸ್ವಲ್ಪ ದಿನ ಪಕ್ಕಕ್ಕೆ ನಿಲ್ಲಿ. ನಾಚಿಕೆ ಪಡಬೇಡಿ. ಸಭಾಪಾಲಕರಿಗೆ ಕಾರಣ ಹೇಳಿ, ಸಾಕು.

ಪ್ರಶ್ನೆ: ಮಗ ಹತ್ತನೇ ಕ್ಲಾಸು. ರಾತ್ರಿ 1 ಗಂಟೆ ತನಕ ಫೋನ್ ಹಿಡಿದು ರೀಲ್ಸ್ ನೋಡುತ್ತಾನೆ. ಪ್ರಾರ್ಥನೆಗೆ ಕರೆದರೆ ಸಿಡುಕುತ್ತಾನೆ. ಸೈತಾನನ ಪೆಟ್ಟಿಗೆ, ಒಡೆದುಹಾಕಿ ಅಂತ ಪ್ರಾರ್ಥನಾ ಕೂಟದಲ್ಲಿ ಹೇಳಿದರು. ಒಡೆಯಲಾ?
(ಮೈಸೂರಿನ ತಾಯಿ)

ಉತ್ತರ: ಒಡೆಯಬೇಡಿ ಅಮ್ಮಾ. ನಾಳೆ ಸ್ನೇಹಿತನ ಫೋನಿನಲ್ಲಿ ನೋಡುತ್ತಾನೆ, ನಿಮ್ಮ ಹತ್ತಿರ ಸತ್ಯ ಹೇಳುವುದನ್ನೂ ನಿಲ್ಲಿಸುತ್ತಾನೆ.

ಆ ರೀಲ್ಸ್ ಕಣ್ಣು ಕದಲದಂತೆ ಹಿಡಿದಿಡುವ ಹಾಗೆಯೇ ತಯಾರಾಗಿದೆ. ಒಂದು ಮುಗಿಯುವುದಕ್ಕೆ ಮುಂಚೆ ಇನ್ನೊಂದು ಬಂದು ನಿಲ್ಲುತ್ತದೆ. ದೊಡ್ಡವರಾದ ನಮಗೇ ಕೈ ಬಿಡಲು ಕಷ್ಟ, ಹದಿನಾರು ವರ್ಷದ ಹುಡುಗನಿಗೆ ಎಷ್ಟು ಕಷ್ಟ ಇರಬೇಡ. ಹಾಗಾಗಿ ಅವನೊಬ್ಬನಿಗೆ ನಿಯಮ ಮಾಡಬೇಡಿ, ಇಡೀ ಮನೆಗೆ ಮಾಡಿ. ರಾತ್ರಿ ಊಟದ ಹೊತ್ತಿಗೆ ಎಲ್ಲರ ಫೋನೂ, ಅವರ ಅಪ್ಪನದೂ ಸೇರಿ, ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ. ಮಲಗುವ ಕೋಣೆಗೆ ಫೋನ್ ಬೇಡ. ಬೆಳಿಗ್ಗೆ ಏಳಲು ಒಂದು ಅಲಾರಾಂ ಗಡಿಯಾರ ತನ್ನಿ. ಮನೆ ಪ್ರಾರ್ಥನೆ ಉದ್ದವಾಗಿದ್ದರೆ ಕಡಿಮೆ ಮಾಡಿ. ಒಂದು ಕೀರ್ತನೆ, ಒಂದು ಸಣ್ಣ ಪ್ರಾರ್ಥನೆ ಸಾಕು. ಪ್ರಾರ್ಥನೆಯಲ್ಲಿ ಅವನ ತಪ್ಪುಗಳನ್ನು ದೇವರಿಗೆ ವರದಿ ಮಾಡುವುದನ್ನು ದಯವಿಟ್ಟು ನಿಲ್ಲಿಸಿ. ಮಕ್ಕಳು ಸಿಡುಕುವುದು ಜಾಸ್ತಿ ಅದಕ್ಕೇ.

ಏನು ನೋಡುತ್ತಿದ್ದಾನೆ ಅಂತ ಸಿಟ್ಟಿಲ್ಲದೆ ಕೇಳಿ. ಕೆಲವು ಮಕ್ಕಳು ಶಾಲೆಯ ಅವಮಾನ ಮರೆಯಲು ಫೋನಿನ ಒಳಗೆ ಹೋಗಿ ಕೂರುತ್ತಾರೆ. ನಿದ್ದೆ, ಓದು, ಊಟ ಎಲ್ಲಾ ಕೆಟ್ಟಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಂತಲೇ ಶಟ್ ಕ್ಲಿನಿಕ್ ಇದೆ, 2014ರಿಂದ ನಡೆಯುತ್ತಿದೆ. ಕರೆದುಕೊಂಡು ಹೋಗಿ. ವೈದ್ಯರ ಹತ್ತಿರ ಹೋದರೆ ನಂಬಿಕೆ ಕಡಿಮೆಯಾಯಿತು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಪ್ರಶ್ನೆ: ನಾನು ಮೂರನೇ ತಲೆಮಾರಿನ ಕ್ರೈಸ್ತ. ನಮ್ಮ ಸಭೆಯವರದೇ ಒಂದು ಸಂಬಂಧ ಬಂತು. ಹುಡುಗಿಯ ಮನೆಯವರು ಪ್ರಾರ್ಥನೆ ಮಾಡಿ ಮಾತು ಶುರು ಮಾಡಿದರು. ಆಮೇಲೆ "ನಿಮ್ಮ ತಾತ ಯಾವ ಜನ?" ಅಂತ ಕೇಳಿದರು. ಹೇಳಿದೆ. ಅವರು ಮತ್ತೆ ಫೋನ್ ಮಾಡಲಿಲ್ಲ. ಅದೇ ಮನೆಯವರು ಸಿನಿಮಾ ನೋಡುವವರನ್ನು ಲೋಕದವರು ಅಂತ ಬೈಯುತ್ತಾರೆ.
(ಬೀದರಿನ ಯುವಕ)

ಉತ್ತರ: ತಮ್ಮಾ, ನಿಮ್ಮ ಪತ್ರ ಓದಿ ಸಿಟ್ಟೂ ಬಂತು, ದುಃಖವೂ ಆಯಿತು. ನಿಮಗೆ ಆದದ್ದು ಪಾಪ. ಅದನ್ನು ಸಂಪ್ರದಾಯ ಅಂತ ಕರೆದು ಮೆತ್ತಗೆ ಮಾಡಲು ನನಗೆ ಮನಸ್ಸಿಲ್ಲ.

ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನಿಂದ ಕೆಲವರು ಬಂದಾಗ ಹೆದರಿ ಎದ್ದು ಬೇರೆ ಕೂತ. ಬಾರ್ನಬನೂ ಅವನ ಹಿಂದೆ ಹೋದ. ಪೌಲ ಎಲ್ಲರ ಎದುರೇ ಪೇತ್ರನನ್ನು ತಡೆದು ನಿಲ್ಲಿಸಿದ, ಇದು ಸುವಾರ್ತೆಯ ಸತ್ಯಕ್ಕೆ ಸರಿಯಾದ ನಡೆ ಅಲ್ಲ ಅಂದ. ಗಲಾತ್ಯ 2ರಲ್ಲಿದೆ. ಅಂದರೆ ಬೇರೆ ಕೂರುವುದರಲ್ಲೂ ಪಾಪ ಇದೆ. ಕ್ರಿಸ್ತನು ಸೇರಿಸಿದವರನ್ನು ನಾವು ಬೇರೆ ಮಾಡಿದರೆ ಅದಕ್ಕಿಂತ ದೊಡ್ಡ ಲೌಕಿಕತನ ಇಲ್ಲ. ನಾವು ಬಿಟ್ಟು ಬಂದೆವು ಅನ್ನುವ ಲೋಕ ನಮ್ಮ ಸಭೆಯ ಬೆಂಚಿನ ಮೇಲೆಯೇ ಕೂತಿದೆ. ಮದುವೆಯ ಹೊತ್ತಿಗೆ ಎದ್ದು ನಿಲ್ಲುತ್ತದೆ. ವರದಕ್ಷಿಣೆಯದೂ ಇದೇ ಕಥೆ. 1961ರ ಕಾಯ್ದೆ ಪ್ರಕಾರ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ, ಆದರೂ ಪ್ರೀತಿಯಿಂದ ಕೊಟ್ಟದ್ದು ಅಂತ ಹೆಸರಿಟ್ಟು ನಡೆಯುತ್ತದೆ.

ನಿಮ್ಮ ಸಭಾಪಾಲಕರಿಗೆ ಈ ವಿಷಯ ಹೇಳಿ. ಆ ಮನೆಯವರ ಮೇಲೆ ದೂರು ಹೇಳುವ ಹಾಗೆ ಬೇಡ, ಗಲಾತ್ಯ 2ರ ಮೇಲೆ ಒಂದು ಭಾನುವಾರ ಪ್ರಸಂಗ ಮಾಡಿ ಅಂತ ಕೇಳಿ. ಯುವಜನರ ಕೂಟದಲ್ಲಿ ನಿಮ್ಮಂತೆಯೇ ಯೋಚಿಸುವವರು ಇರುತ್ತಾರೆ. ಜಾತಿ ಕೇಳುವುದಿಲ್ಲ, ವರದಕ್ಷಿಣೆ ತೆಗೆದುಕೊಳ್ಳುವುದಿಲ್ಲ ಅಂತ ಅಲ್ಲೇ ಬಾಯಿಬಿಟ್ಟು ಹೇಳಿಕೊಳ್ಳಿ. ನಿಮ್ಮ ತಾತನ ಬಗ್ಗೆ ಮಾತ್ರ ತಲೆ ತಗ್ಗಿಸಬೇಡಿ. ಊರೆಲ್ಲಾ ಎದುರಿದ್ದಾಗ ಕರ್ತನ ಹೆಸರು ಹೇಳಿದವರು ಅವರು.

ಪ್ರಶ್ನೆ: ಕುಡಿತ ಬಿಟ್ಟೆ ಅಂತ ಸಭೆಯಲ್ಲಿ ಸಾಕ್ಷಿ ಹೇಳಿದ್ದೆ. ಮತ್ತೆ ಬಿದ್ದೆ. ಈಗ ಸಭೆಗೆ ಹೋಗಲು ಮುಖ ಇಲ್ಲ. ನನ್ನಂಥವನಿಗೆ ಪರಿಶುದ್ಧ ಜೀವಿತ ಸಾಧ್ಯವೇ?
(ಶಿವಮೊಗ್ಗದ ಓದುಗ)

ಉತ್ತರ: ಸಾಧ್ಯ ಅಣ್ಣಾ. ಈ ಭಾನುವಾರವೇ ಹೋಗಿ. ಹಿಂದಿನ ಬೆಂಚಿನಲ್ಲಿ ಕೂತರೂ ಪರವಾಗಿಲ್ಲ. ಎದೆ ಬಡಿದುಕೊಂಡು ದೂರ ನಿಂತ ಸುಂಕದವನೇ ನೀತಿವಂತನಾಗಿ ಮನೆಗೆ ಹೋದ ಅಂತ ಯೇಸು ಹೇಳಿದ್ದಾರೆ. ನಾನು ಅವನ ಹಾಗಲ್ಲ ಅಂತ ಪ್ರಾರ್ಥಿಸಿದ ಫರಿಸಾಯ ಹಾಗೆ ಹೋಗಲಿಲ್ಲ.

ಆದರೆ ಕುಡಿತ ಬರೀ ಮನಸ್ಸಿನ ವಿಷಯ ಅಲ್ಲ, ದೇಹವೂ ಅದಕ್ಕೆ ಒಗ್ಗಿಹೋಗಿರುತ್ತದೆ. ದಿನಾ ತುಂಬಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಜೀವಕ್ಕೂ ಅಪಾಯ. ಉಪವಾಸ ಪ್ರಾರ್ಥನೆ ಅಂತ ಕೋಣೆಯಲ್ಲಿ ಕೂರುವ ಮುಂಚೆ ವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸಭೆಯಲ್ಲಿ ನಂಬಿಕೆಯ ಒಬ್ಬರಿಗೆ ಹೇಳಿ, ಸಂಬಳದ ದಿನ ಸಂಜೆ ನಿಮ್ಮ ಜತೆ ಇರಲು ಕೇಳಿಕೊಳ್ಳಿ. ಮತ್ತೆ ಸಾಕ್ಷಿ ಹೇಳುವ ಆತುರ ಬೇಡ. ಹೇಳು ಹೇಳು ಅಂತ ಯಾರೂ ನಿಮ್ಮನ್ನು ಎಬ್ಬಿಸಿ ನಿಲ್ಲಿಸಬಾರದು ಕೂಡ.

ಪ್ರಶ್ನೆ: ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತೇನೆ. ಬೆಳಿಗ್ಗೆ ಅಡುಗೆ, ಬಸ್ಸು, ಟಾರ್ಗೆಟ್, ಸೂಪರ್‌ವೈಸರ್ ಬೈಗುಳ, ಸಂಜೆ ಮತ್ತೆ ಅಡುಗೆ. ದಿನಕ್ಕೆ ಒಂದು ಗಂಟೆ ದೇವರ ಜತೆ ಏಕಾಂತವಾಗಿ ಇರಬೇಕು ಅಂತ ಪಾಸ್ಟರ್ ಹೇಳುತ್ತಾರೆ. ನನ್ನಿಂದ ಆಗುತ್ತಿಲ್ಲ. ಕೆಲವು ಭಾನುವಾರ ಓವರ್‌ಟೈಮ್ ಕೂಡ ಇರುತ್ತದೆ.
(ಬೆಂಗಳೂರಿನ ಸೋದರಿ)

ಉತ್ತರ: ಅಕ್ಕಾ, ಆ ಒಂದು ಗಂಟೆ ಸಿಗುವುದು ಮನೆಯಲ್ಲಿ ಇನ್ಯಾರಾದರೂ ಅಡುಗೆ ಮಾಡುವವರಿಗೆ. ನಿಮಗೆ ಆ ಲೆಕ್ಕ ಹಾಕಿಕೊಳ್ಳಬೇಡಿ.

ಹದಿನೇಳನೇ ಶತಮಾನದಲ್ಲಿ ಪ್ಯಾರಿಸ್ಸಿನ ಒಂದು ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಅವರ ಕೆಲಸ ಅಡುಗೆಮನೆಯಲ್ಲಿ. ಪಾತ್ರೆಗಳ ಗಲಾಟೆಯ ನಡುವೆಯೂ ದೇವರು ಹತ್ತಿರವೇ ಇದ್ದಾನೆ ಅಂತ ಅವನ ಜತೆ ಮಾತಾಡುವುದನ್ನು ರೂಢಿ ಮಾಡಿಕೊಂಡರು. ನೀವು ಬಸ್ಸಿನಲ್ಲಿ ಕೂತಾಗ ಕೀರ್ತನೆ 121ನ್ನು ಬಾಯಿಪಾಠ ಮಾಡಿ, ಎಂಟೇ ವಚನ. ಮೆಷಿನ್ ಮುಂದೆ ಕೂತಾಗ ಒಂದೊಂದು ವಚನ ಮನಸ್ಸಿನಲ್ಲಿ ಹೇಳಿಕೊಳ್ಳಿ. ಸೂಪರ್‌ವೈಸರ್ ಬೈದಾಗ ತಿರುಗಿ ಕೆಟ್ಟ ಮಾತಾಡದೆ ಇದ್ದರೆ ಅದು ಪರಿಶುದ್ಧತೆಯೇ. ಆದರೆ ಕೆಟ್ಟ ಪದ ಬಳಸಿದರೆ, ಮೈ ಮುಟ್ಟಿದರೆ ಸುಮ್ಮನಿರುವುದು ಪರಿಶುದ್ಧತೆ ಅಲ್ಲ. ಕಾರ್ಖಾನೆಯಲ್ಲಿ ದೂರು ಸಮಿತಿ ಇರಲೇಬೇಕು, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಇದೆ. ಜತೆಯವರನ್ನು ಕರೆದುಕೊಂಡು ಹೋಗಿ ಬರೆದುಕೊಡಿ. ಲೈನಿನಲ್ಲಿ ಹೊಸದಾಗಿ ಬಂದ ಹುಡುಗಿ ಟಾರ್ಗೆಟ್ ಮುಗಿಸಲಾಗದೆ ಅಳುತ್ತಿದ್ದರೆ ಅವಳ ಪಕ್ಕ ಹೋಗಿ ಕೈ ಜೋಡಿಸಿ.

ಓವರ್‌ಟೈಮ್ ಇರುವ ಭಾನುವಾರ ಸಂಜೆ ಆರಾಧನೆ ಇರುವ ಸಭೆ ಹತ್ತಿರದಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಈ ಉತ್ತರವನ್ನು ನಿಮ್ಮ ಪಾಸ್ಟರ್‌ಗೆ ತೋರಿಸಿ, ಕರ್ತನ ಭೋಜನವನ್ನು ಆ ರಾತ್ರಿ ನಿಮ್ಮ ಮನೆಗೇ ತಂದು ಕೊಡುವಂತೆ ಕೇಳಿ. ಅದೇ ಬೀದಿಯಲ್ಲಿ ನಿಮ್ಮಂತೆ ಕೆಲಸಕ್ಕೆ ಹೋಗುವ ಇನ್ನೂ ಕೆಲವರು ಇರುತ್ತಾರೆ. ಅವರನ್ನೂ ಕರೆಯಿರಿ.